ಪೌರತ್ವ, ವಾಸಸ್ಥಳ ಮತ್ತು ಸರ್ಕಾರಿ ನೆರವು: ಗದಗ ಸೀಮೆ

ಪಡಿತರ, ಮಾಸಾಶನ, ಆಸ್ಪತ್ರೆ ವೆಚ್ಚ, ಉದ್ಯೋಗ ಖಾತರಿ, ವಿದ್ಯಾರ್ಥಿವೇತನ ಮೊದಲಾದ ಸರ್ಕಾರಿ ನೆರವನ್ನು ಪಡೆಯುವವರು ಯಾವ ದೇಶದ ಪ್ರಜೆಗಳಾಗಿರಬೇಕು, ಎಲ್ಲಿ ಎಷ್ಟು ಕಾಲ ನೆಲೆಸಿರಬೇಕು ಎಂಬ ಷರತ್ತುಗಳು ಈ ಲೇಖನದ ವಿಷಯ. ಅಮೆರಿಕ, ಬ್ರಿಟನ್ನುಗಳಲ್ಲಿ ಇದು ಬಹುಮಟ್ಟಿಗೆ ವೀಸಾದ ಪ್ರಶ್ನೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹಾಗಲ್ಲ. ಇಲ್ಲಿನ ನಾಡಕಚೇರಿಯ ಕಿಟಕಿಯಲ್ಲಿ 'ನೀವು ಭಾರತೀಯರೇ' ಎಂದು ಕೇಳುವವರು ಅಪರೂಪ. 'ರೇಶನ್ ಕಾರ್ಡ್ ಎಲ್ಲೈತಿ' ಎಂಬುದೇ ಮೊದಲ ಪ್ರಶ್ನೆ. ಪೌರತ್ವವನ್ನು ಎಲ್ಲರೂ ಇದೆಯೆಂದೇ ಹಿಡಿದು ನಡೆಯುತ್ತಾರೆ. ವಿಳಾಸವನ್ನು ಮಾತ್ರ ಪ್ರತಿ ಸಲ ಹೊಸದಾಗಿ ಸಾಬೀತುಪಡಿಸಬೇಕು. ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗುವ ಈ ಸೀಮೆಯ ಕುಟುಂಬಗಳಿಗೆ ತೊಡಕಾಗಿರುವುದು ಈ ಎರಡನೆಯ ಷರತ್ತೇ.

ಸಂವಿಧಾನ ಇಲ್ಲಿ ಉದಾರವಾಗಿದೆ. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆನ್ನುವ 41ನೆಯ ವಿಧಿ ಅದನ್ನು ಪ್ರಜೆಗಳಿಗಷ್ಟೇ ಎಂದು ಕಟ್ಟಿಹಾಕಿಲ್ಲ. ಜೀವಿಸುವ ಹಕ್ಕಿನ 21ನೆಯ ವಿಧಿ ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಹಕ್ಕೂ 'ಎಲ್ಲ ಮಕ್ಕಳ' ಹಕ್ಕು. ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ 19ನೆಯ ವಿಧಿಯ ಸ್ವಾತಂತ್ರ್ಯ ಮಾತ್ರ ಪ್ರಜೆಗಳದು. ಆದರೆ 41ನೆಯ ವಿಧಿ ನಿರ್ದೇಶಕ ತತ್ವಗಳಲ್ಲಿ ಒಂದಾದ್ದರಿಂದ ಅದನ್ನು ಹಿಡಿದು ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಾಗಾಗಿ ಯಾರಿಗೆ ನೆರವು, ಯಾರಿಗಿಲ್ಲ ಎಂಬುದು ಆಯಾ ಯೋಜನೆಯ ಆದೇಶದಲ್ಲೇ ತೀರ್ಮಾನವಾಗುತ್ತದೆ. ಆ ಆದೇಶಗಳನ್ನು ಬರೆಯುವುದು ಹೆಚ್ಚಾಗಿ ರಾಜ್ಯ ಸರ್ಕಾರಗಳು.

ಹಿನ್ನೆಲೆ

ಈಗ ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 1948ರವರೆಗೆ ಒಬ್ಬ ದೊರೆಯ ಕೆಳಗಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಮುಂಡರಗಿಯಿಂದ ಪೂರ್ವಕ್ಕೆ ಕೊಪ್ಪಳದ ಕಡೆ ಹೊರಟರೆ ನಿಜಾಮನ ಸೀಮೆ, ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಗದಗಿನವನು ಬ್ರಿಟಿಷ್ ಪ್ರಜೆ. ಶಿರಹಟ್ಟಿಯವನು ಕಾನೂನಿನ ಲೆಕ್ಕದಲ್ಲಿ ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ಸಂಸ್ಥಾನದ ಪ್ರಜೆ. ಸಂತೆ ಒಂದೇ, ಬೀಗತನ ಒಂದೇ. ಸರ್ಕಾರ ರೈತರಿಗೆ ಕೊಡುತ್ತಿದ್ದ ತಗಾವಿ ಸಾಲಕ್ಕೂ ಬರಗಾಲದ ಕಾಮಗಾರಿಗೂ ನೋಡಬೇಕಾದ ಕಚೇರಿ ಮಾತ್ರ ಬೇರೆ ಬೇರೆ.

ನೆರವನ್ನು ವಾಸಕ್ಕೆ ಕಟ್ಟುವ ಪದ್ಧತಿ ಆಗಲೇ ಕಾನೂನಿನಲ್ಲಿತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರಿ ಸಂಘ ದೇಶದ ಮೊದಲನೆಯ ಕೃಷಿ ಸಹಕಾರಿ ಸಂಘಗಳಲ್ಲಿ ಒಂದೆಂದು ಹೆಸರಾಗಿದೆ. ಅದಕ್ಕೆ ಆಧಾರವಾದ 1904ರ ಕಾಯ್ದೆಯ ಪ್ರಕಾರ ಸದಸ್ಯರು ಒಂದೇ ಊರಿನ ಅಥವಾ ನೆರೆಹೊರೆಯ ಊರುಗಳ ನಿವಾಸಿಗಳಾಗಿರಬೇಕಿತ್ತು, ಇಲ್ಲವೆ ಒಂದೇ ಬುಡಕಟ್ಟು, ಜಾತಿಯವರಾಗಿರಬೇಕಿತ್ತು. ಒಬ್ಬರನ್ನೊಬ್ಬರು ಬಲ್ಲವರಿಗೆ ಮಾತ್ರ ಸಾಲ ಎಂಬುದು ಅದರ ತರ್ಕ. ಆ ಗಾತ್ರದ ಸಂಘಕ್ಕೆ ಅದು ಸರಿಯಾದ ತರ್ಕವೂ ಹೌದು.

ಬೆಟಗೇರಿಯ ಸೆಟ್ಲಮೆಂಟ್ ಪ್ರದೇಶದ ಕಥೆ ಇದರ ತಿರುವು ಮುರುವು. ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕೆಳಗೆ ಮುಂಬೈ ಸರ್ಕಾರ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳಲ್ಲಿ ತೆರೆದಂತೆ ಇಲ್ಲಿಯೂ ಒಂದು ವಸಾಹತು ತೆರೆದಿತ್ತು. ಅಲ್ಲಿದ್ದವರಿಗೆ ಮನೆ, ಕೆಲಸ, ಮಕ್ಕಳಿಗೆ ಶಾಲೆ ಸಿಗುತ್ತಿದ್ದವು. ಅದರ ಜೊತೆಗೆ ಹಾಜರಿ ಕೂಗಿಗೆ ನಿಲ್ಲಬೇಕಿತ್ತು, ಹೊರಗೆ ಹೋಗಲು ಪಾಸು ಬೇಕಿತ್ತು. ವಿಳಾಸವೇ ಇವರ ಪಾಲಿಗೆ ಬೇಲಿಯಾಗಿತ್ತು. ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ವಿಮುಕ್ತರೆಂಬ ಹೊಸ ಹೆಸರು ಬಂತು. ಬಡಾವಣೆಗೆ ಸೆಟ್ಲಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ.

ಸಂಸ್ಥಾನಗಳ ಪ್ರಜೆಗಳು ಭಾರತದ ಪ್ರಜೆಗಳಾದದ್ದು ಯಾವ ಅರ್ಜಿಯನ್ನೂ ಬರೆಯದೆ. 1948ರ ಮಾರ್ಚಿನಲ್ಲಿ ಸಾಂಗಲಿ, ಮೀರಜಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಸಂವಿಧಾನದ 5ನೆಯ ವಿಧಿ ಭಾರತದಲ್ಲಿ ನೆಲೆಸಿದ್ದು, ಇಲ್ಲೇ ಹುಟ್ಟಿದವರನ್ನು, ಇಲ್ಲಿ ಹುಟ್ಟಿದ ತಂದೆ ಅಥವಾ ತಾಯಿಯ ಮಕ್ಕಳನ್ನು, ಹಿಂದಿನ 5 ವರ್ಷ ಇಲ್ಲಿ ವಾಸವಿದ್ದವರನ್ನು ಪ್ರಜೆಗಳೆಂದು ಒಪ್ಪಿಕೊಂಡಿತು.

ನಿಜಾಮನ ಹೈದರಾಬಾದ್ ಸಂಸ್ಥಾನದ ಗಡಿಯಲ್ಲಿ ಮಾತ್ರ ಪ್ರಜೆತನದ ಪ್ರಶ್ನೆ ರಕ್ತ ಹರಿಸಿತು. 1947-48ರಲ್ಲಿ ನಿಜಾಮನ ಪರದ ರಜಾಕಾರರ ಹಾವಳಿಗೆ ಊರು ಬಿಟ್ಟವರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಆಶ್ರಯ ಪಡೆದರು. ಅಲ್ಲಿಂದಲೇ ನಿಜಾಮನ ವಿರುದ್ಧ ಹೋರಾಟದ ಶಿಬಿರಗಳು ನಡೆದವು. ಮುಂಡರಗಿ ಶಿಬಿರದ ಮುಂದಾಳು, ಮುಂದೆ ಲೋಕಸಭೆಗೆ ಆಯ್ಕೆಯಾದ ಅಳವಂಡಿ ಶಿವಮೂರ್ತಿಸ್ವಾಮಿ ಇನಾಮದಾರರು ನಿಜಾಮನ ಸೀಮೆಯವರು. ಶಿಬಿರವಿದ್ದದ್ದು ಮುಂಬೈ ಪ್ರಾಂತದ ನೆಲದಲ್ಲಿ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಭಾರತಕ್ಕೆ ಸೇರುವ ತನಕ ಇದೇ ಸ್ಥಿತಿ. ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಯೋಧರ ಪಿಂಚಣಿ ಆರಂಭಿಸಿದಾಗ ಜೈಲಿನ ದಾಖಲೆ ಇದ್ದವರ ಹಾದಿ ಸುಗಮವಾಯಿತು. ಶಿಬಿರವಾಸಿಗಳಿಗೆ ಜೈಲಿನ ಚೀಟಿ ಎಲ್ಲಿಂದ ಬರಬೇಕು? ಹೈದರಾಬಾದ್ ಗಡಿ ಶಿಬಿರಗಳಲ್ಲಿದ್ದವರನ್ನೂ ಯೋಧರೆಂದು ಕೇಂದ್ರ ಒಪ್ಪಿದ್ದು 1985ರ ಸುಮಾರಿಗೆ. ಆಗಲೂ ಶಿಬಿರದ ಹಿರಿಯರು ಬರೆದುಕೊಟ್ಟ ಪ್ರಮಾಣಪತ್ರವೇ ಆಧಾರ. ಸರ್ಕಾರಿ ನೆರವಿಗೆ 'ಎಲ್ಲಿದ್ದೆ' ಎಂಬುದನ್ನು ರುಜುಪಡಿಸಬೇಕಾದ ಪಾಡು ಈ ಸೀಮೆಗೆ ಹೊಸದಲ್ಲ.

ಕಾಗದಗಳು

ಈಗಿನ ವ್ಯವಸ್ಥೆಯ ನಡುಗಂಬ ಆಧಾರ್. 2016ರ ಕಾಯ್ದೆಯ ಪ್ರಕಾರ ಅದು ನಿವಾಸಿಗೆ ಸಿಗುವ ಸಂಖ್ಯೆ, ಪ್ರಜೆಗೆ ಸಿಗುವ ಪ್ರಮಾಣಪತ್ರವಲ್ಲ. ಅರ್ಜಿ ಹಾಕುವ ಮುಂಚಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದ ಯಾರಿಗೂ ಅದು ದಕ್ಕುತ್ತದೆ. ಆಧಾರ್ ಪೌರತ್ವಕ್ಕಾಗಲಿ ಕಾಯಂ ವಾಸಕ್ಕಾಗಲಿ ಪುರಾವೆಯಲ್ಲ ಎಂದು 9ನೆಯ ಕಲಂ ಬಿಡಿಸಿ ಹೇಳುತ್ತದೆ. ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದೆಂಬ 7ನೆಯ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಎತ್ತಿಹಿಡಿಯಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ರೇಶನ್ ಕಾರ್ಡಿನದು ಇನ್ನೂ ವಿಚಿತ್ರ. ಪಡಿತರ ಚೀಟಿಯನ್ನು ಗುರುತಿಗಾಗಲಿ ವಾಸದ ಪುರಾವೆಗಾಗಲಿ ಬಳಸಬಾರದೆಂದು ಕೇಂದ್ರದ 2015ರ ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಗದಗಿನ ಯಾವ ಕಚೇರಿಗೆ ಹೋದರೂ ಅದಿಲ್ಲದೆ ಕಡತ ಮುಂದೆ ಸರಿಯುವುದು ಕಷ್ಟ. ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಹೋಗುವುದು ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆಯೋ, ಪ್ಯಾಕೇಜ್ ದರದ ಶೇ 30ರಷ್ಟೋ ಎಂಬುದನ್ನು ತೀರ್ಮಾನಿಸುವುದು ಬಿಪಿಎಲ್, ಎಪಿಎಲ್ ಎಂಬ ಮೂರಕ್ಷರ. ಒಬ್ಬರ ಹೆಸರು ಒಂದೇ ಕಾರ್ಡಿನಲ್ಲಿ ಇರಬೇಕು. ಆದ್ದರಿಂದ ಮುಂಡರಗಿಯ ಹುಡುಗಿಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟರೆ ತವರಿನ ಕಾರ್ಡಿನಿಂದ ಹೆಸರು ಕಡಿಸಿ ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕು. ಕಡಿಸುವುದು ಬೇಗ ಆಗುತ್ತದೆ. ಸೇರಿಸುವುದಕ್ಕೆ ಇಲಾಖೆ ತಂತ್ರಾಂಶ ತೆರೆಯುವ ದಿನ ಕಾಯಬೇಕು. ಈ ನಡುವೆ ಆಕೆ ಯಾವ ಮನೆಯ ಲೆಕ್ಕಕ್ಕೂ ಸಿಗುವುದಿಲ್ಲ.

ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ಅಸಂಘಟಿತ ಕಾರ್ಮಿಕರ ಜೊತೆಗೆ ನೇಕಾರರನ್ನೂ ಅದು ಹೆಸರಿಟ್ಟು ಸೇರಿಸಿಕೊಂಡದ್ದರಿಂದ ಬೆಟಗೇರಿಯ ಮಗ್ಗದ ಓಣಿಗಳಿಗೆ ತಕ್ಕದ್ದಾಯಿತು. ಅರ್ಜಿ ನಾಡಕಚೇರಿಗೆ ಹೋಗುತ್ತದೆ. ಅಲ್ಲಿಂದ ಗ್ರಾಮ ಆಡಳಿತಾಧಿಕಾರಿಯ ವರದಿಗೆ ಬರುತ್ತದೆ. ಹಳಬರ ಬಾಯಲ್ಲಿ ಈತ ಇನ್ನೂ ತಲಾಟಿಯೇ. ವಾಸಸ್ಥಳ, ಆದಾಯ, ವಯಸ್ಸು ಮೂರನ್ನೂ ಆತ ದೃಢೀಕರಿಸಬೇಕು. ಓಣಿಯಲ್ಲಿ ಕೇಳಿದಾಗ 'ಹೌದ್ರಿ, ಇಲ್ಲೇ ಇರ್ತಾರ' ಎಂದರೆ ಮುಗಿಯಿತು. 'ಮಗನ ಕಡೆ ಗೋವಾಕ್ಕ ಹೋಗ್ಯಾರ' ಎಂದರೆ ವರದಿಯ ಧಾಟಿಯೇ ಬದಲಾಗುತ್ತದೆ. ಪೌರತ್ವ ಪರೀಕ್ಷೆ ಎಂದು ಏನಾದರೂ ಈ ಊರುಗಳಲ್ಲಿ ನಡೆಯುವುದಿದ್ದರೆ ಅದು ನೆರೆಮನೆಯವರ ಈ ಮಾತೇ. ಇಂಥ ಸೇವೆಗಳನ್ನು ಗೊತ್ತಾದ ದಿನಗಳೊಳಗೆ ಕೊಡಬೇಕೆನ್ನುವ 'ಸಕಾಲ' ಕಾಯ್ದೆ 2011ರದು.

ಜಿಲ್ಲೆ, ತಾಲ್ಲೂಕುಗಳ ಗಡಿ ಬದಲಾದದ್ದು ಇನ್ನೊಂದು ಕಿರಿಕಿರಿ. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಲಕ್ಷ್ಮೇಶ್ವರ ಶಿರಹಟ್ಟಿಯಿಂದ ಬೇರೆ ತಾಲ್ಲೂಕಾದದ್ದು ತೀರ ಈಚೆಗೆ. ನಡುವಯಸ್ಸು ದಾಟಿದ ಲಕ್ಷ್ಮೇಶ್ವರದವರ ಶಾಲೆಯ ದಾಖಲೆಯಲ್ಲಿ 'ತಾ. ಶಿರಹಟ್ಟಿ, ಜಿ. ಧಾರವಾಡ' ಎಂದೂ ಆಧಾರಿನಲ್ಲಿ 'ತಾ. ಲಕ್ಷ್ಮೇಶ್ವರ, ಜಿ. ಗದಗ' ಎಂದೂ ಇರುತ್ತದೆ. ಇಲ್ಲಿನ ಗುಮಾಸ್ತರಿಗೆ ಅದು ಗೊತ್ತು. ಹೊರರಾಜ್ಯದ ಕಚೇರಿಗೆ ಇವೆರಡೂ ಒಂದೇ ಊರು ಎಂದು ತಿಳಿಸಿ ಹೇಳಬೇಕು.

ತಾಂಡಾಗಳ ಸಮಸ್ಯೆ ಇದಕ್ಕಿಂತ ಆಳದ್ದು. ಶಿರಹಟ್ಟಿ, ಮುಂಡರಗಿ, ಗದಗ ತಾಲ್ಲೂಕುಗಳ ಅನೇಕ ಲಂಬಾಣಿ ತಾಂಡಾಗಳು ಬಹುಕಾಲ ಕಂದಾಯ ಗ್ರಾಮಗಳಾಗಿರಲಿಲ್ಲ. ಮನೆಯಿತ್ತು, ಮನೆಗೆ ಉತಾರ (ಹಕ್ಕಿನ ದಾಖಲೆ) ಇರಲಿಲ್ಲ. ವಸತಿ ಯೋಜನೆಯ ಹಣಕ್ಕೆ ನಿವೇಶನದ ಕಾಗದ ಬೇಕು, ನಿವೇಶನವಿದ್ದದ್ದು ಇನ್ನೊಬ್ಬರ ಹೊಲದ ಸರ್ವೆ ನಂಬರಿನಲ್ಲಿ. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳಾಗಿಸಿ ಹಕ್ಕುಪತ್ರ ಕೊಡುವ ಕೆಲಸ 2017ರಿಂದೀಚೆಗೆ ನಡೆದಿದೆ.

ಜಾತಿಯ ನೆಲೆಯೂ ವಾಸಕ್ಕೆ ಅಂಟಿಕೊಂಡಿದೆ. 1956ರ ಏಕೀಕರಣದ ನಂತರವೂ ಪರಿಶಿಷ್ಟ ಜಾತಿಗಳ ಪಟ್ಟಿ ಪ್ರದೇಶವಾರು ಇತ್ತು. ಹಳೆ ಮೈಸೂರಿನ ಪಟ್ಟಿಯಲ್ಲಿದ್ದ ಲಂಬಾಣಿಗಳು ಮುಂಬೈ ಕರ್ನಾಟಕದ ಪಟ್ಟಿಯಲ್ಲಿರಲಿಲ್ಲ. ಚಿತ್ರದುರ್ಗದ ತಾಂಡಾದ ಹುಡುಗನಿಗೆ ಸಿಗುತ್ತಿದ್ದ ವಿದ್ಯಾರ್ಥಿವೇತನ ಶಿರಹಟ್ಟಿ ತಾಂಡಾದ ಅವನ ಸೋದರತ್ತೆಯ ಮಗನಿಗೆ ಸಿಗುತ್ತಿರಲಿಲ್ಲ. ಪ್ರದೇಶದ ನಿರ್ಬಂಧ ತೆಗೆದ 1976ರ ತಿದ್ದುಪಡಿ 1977ರ ಜುಲೈ 27ರಿಂದ ಜಾರಿಗೆ ಬಂತು. ರಾಜ್ಯದ ಗಡಿಯಾಚೆ ಇಂದಿಗೂ ಅದೇ ಕಥೆ: ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣ, ಆಂಧ್ರಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆ ಹೋದವರ ಜೊತೆ ಇನ್ನೊಂದು ರಾಜ್ಯಕ್ಕೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ತೀರ್ಪಿತ್ತಿತು.

ರಾಜ್ಯದ ಗಡಿ

ಕರ್ನಾಟಕ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಲ್ಲಿ ವಾಸದ ಷರತ್ತು ಒಂದೊಂದರಲ್ಲಿ ಒಂದೊಂದು ಬಗೆ. 2023ರ ಜೂನ್ 11ರಂದು ಆರಂಭವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ರಾಜ್ಯದ ವಿಳಾಸವಿರುವ ಮಹಿಳೆಯರಿಗೆ, ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಮನೆ ಸ್ವಂತದ್ದಾಗಿರಬೇಕಿಲ್ಲ. ಬಾಡಿಗೆದಾರರೂ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಜೋಡಿಸಿ ಪಡೆಯಬಹುದು. ನಿರುದ್ಯೋಗ ಭತ್ಯೆಯ ಯುವನಿಧಿಗೆ ಹುಟ್ಟಿದ ಊರು ಮುಖ್ಯವಲ್ಲ, ಪದವಿ ಅಥವಾ ಡಿಪ್ಲೊಮಾದವರೆಗೆ ಕನಿಷ್ಠ 6 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಗೋವಾದಲ್ಲಿ ದುಡಿಯುವ ಗದಗಿನ ತಂದೆಯ ಮಗ ಅಲ್ಲಿಯೇ ಓದಿದ್ದರೆ ಅರ್ಹನಲ್ಲ. ಬಿಹಾರದಿಂದ ಬಂದು ಗದಗಿನಲ್ಲಿ ನೆಲೆಸಿದವರ ಮಗ ಇಲ್ಲಿ ಓದಿದ್ದರೆ ಅರ್ಹ. ನಿಯಮ ನ್ಯಾಯವಾಗಿಯೇ ಇದೆ, ಆದರೆ ಊರಿನವರಿಗೆ ಅದನ್ನು ಒಪ್ಪಿಸುವುದು ಸುಲಭವಲ್ಲ.

ಈ ಸೀಮೆಯಿಂದ ಗೋವಾಕ್ಕೆ ಹೋಗುವುದು ತಲೆಮಾರುಗಳ ರೂಢಿ. ಗದಗಿನಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ವಾಸ್ಕೊದಲ್ಲಿ ಇಳಿಯಬಹುದು. ಕಟ್ಟಡ ಕೆಲಸ, ಮೀನು ಜೆಟ್ಟಿ, ಮನೆಗೆಲಸ, ತರಕಾರಿ ವ್ಯಾಪಾರ. ವಾಸ್ಕೊ, ಝುವಾರಿನಗರ, ಮಡಗಾಂವ್‌ಗಳಲ್ಲಿ ಕನ್ನಡ ಕೇಳದ ಓಣಿ ಕಡಿಮೆ. ಗೋವಾದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯ ಮಾಸಾಶನಕ್ಕೆ, ಗೃಹಿಣಿಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡುವ ಗೃಹ ಆಧಾರ್ ಯೋಜನೆಗೆ 15 ವರ್ಷಗಳ ವಾಸದ ಪುರಾವೆ ಬೇಕು. ಇಲ್ಲಿಯೇ ಇಕ್ಕಟ್ಟು. ಹದಿನೈದು ವರ್ಷ ಗೋವಾದಲ್ಲಿದ್ದರೂ ಊರಿನ ಕಾರ್ಡು, ಊರಿನ ಓಟು ಬಿಡದವರಿಗೆ ಆ ವರ್ಷಗಳು ಕಾಗದದಲ್ಲಿ ಇಲ್ಲ. ಬಿಟ್ಟುಕೊಟ್ಟರೆ ಊರಲ್ಲಿರುವ ಮುದುಕಿಯ ಪಾಲಿನ ಅಕ್ಕಿ, ಸೊಸೆಯ ಗೃಹಲಕ್ಷ್ಮಿ ಹೋಗುತ್ತವೆ. ಎರಡು ಕಡೆ ಮತದಾರರಾಗಿರುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ ವಿರುದ್ಧ. ಹೀಗಾಗಿ ಬಹುಪಾಲು ಜನ ಊರನ್ನೇ ಉಳಿಸಿಕೊಳ್ಳುತ್ತಾರೆ. ಜಾತ್ರೆಗೆ, ಚುನಾವಣೆಗೆ, ಇ-ಕೆವೈಸಿಗೆ ಬಂದು ಹೋಗುತ್ತಾರೆ.

'ಒಂದು ದೇಶ, ಒಂದು ಪಡಿತರ ಚೀಟಿ' ಇದಕ್ಕೆ ಪರಿಹಾರವೆಂದು ಬಂದದ್ದು. 2020ರ ಜನವರಿ 1ರಿಂದ ಕರ್ನಾಟಕ, ಗೋವಾ ಎರಡೂ ಅದರಲ್ಲಿವೆ. ಆ ವರ್ಷದ ಲಾಕ್‌ಡೌನ್ ವಲಸಿಗರನ್ನು ಬೀದಿಗೆ ತಳ್ಳಿದ ಮೇಲೆ, ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಇದನ್ನು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತು. ವಾಸ್ಕೊದ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮುಂಡರಗಿ ಕಾರ್ಡಿನ ಧಾನ್ಯ ಸಿಗಬೇಕು. ಸಿಗುವುದು ಮಾತ್ರ ಆಹಾರ ಭದ್ರತಾ ಕಾಯ್ದೆಯ ಕೇಂದ್ರದ ಪಾಲು. ಅನ್ನಭಾಗ್ಯದಲ್ಲಿ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸುವುದು ಗಡಿ ದಾಟುವುದಿಲ್ಲ. ಗೃಹಲಕ್ಷ್ಮಿಯ ಹಣ ಬ್ಯಾಂಕ್ ಖಾತೆಗೆ ಬೀಳುವುದರಿಂದ ಯಾವ ಎಟಿಎಂನಲ್ಲಾದರೂ ತೆಗೆಯಬಹುದು. ಅಕ್ಕಿಗೆ ಇರುವ ಗಡಿ ದುಡ್ಡಿಗಿಲ್ಲ. ಸಿಮೆಂಟು, ಸುಣ್ಣ ಕಲಸಿ ಸವೆದ ಬೆರಳನ್ನು ಯಂತ್ರ ಒಪ್ಪದಿದ್ದರೆ ಏನು ಗತಿ ಎಂಬುದು ಎರಡೂ ಕಡೆಯ ಅಂಗಡಿಗಳಲ್ಲಿ ಕೇಳುವ ದೂರು.

ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಿಂದ ಬಂದ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. 18ರಿಂದ 60ರೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಾಕು, ಎಲ್ಲಿ ಕೆಲಸವೋ ಅಲ್ಲಿ ಕಲ್ಯಾಣ ಮಂಡಳಿಯ ಫಲಾನುಭವಿಗಳಾಗಬಹುದು. ಊರು ಯಾವುದು ಎಂಬುದು ಅಲ್ಲಿ ಅರ್ಹತೆಯ ಮಾತಲ್ಲ.

ಮಹಾರಾಷ್ಟ್ರ 2024ರಲ್ಲಿ ತಂದ ಲಾಡಕೀ ಬಹೀಣ್ ಯೋಜನೆ ಅಲ್ಲಿನ ನಿವಾಸಿ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ವಾಸದ ಪ್ರಮಾಣಪತ್ರ ಇಲ್ಲದವರು 15 ವರ್ಷ ಹಳೆಯ ಪಡಿತರ ಚೀಟಿಯನ್ನೋ ಮತದಾರರ ಚೀಟಿಯನ್ನೋ ತೋರಿಸಬಹುದು. ಹೊರರಾಜ್ಯದಲ್ಲಿ ಹುಟ್ಟಿ ಅಲ್ಲಿಗೆ ಮದುವೆಯಾಗಿ ಹೋದವರಿಗೆ ಗಂಡನ ಕಾಗದಗಳು ನಡೆಯುತ್ತವೆ. ಒಂದು ಕಾಲಕ್ಕೆ ಸಾಂಗಲಿ ದೊರೆಯ ಪ್ರಜೆಯಾಗಿದ್ದ ಶಿರಹಟ್ಟಿಯವರ ಮೊಮ್ಮಗಳು ಇಂದು ಸಾಂಗಲಿಗೆ ಸೊಸೆಯಾಗಿ ಹೋದರೆ ಗಂಡನ ಕಾಗದದ ಮೇಲೆ ಅಲ್ಲಿನವಳಾಗುತ್ತಾಳೆ.

ವಿದೇಶಿಯರು

ಗದಗ ಸೀಮೆಯಲ್ಲಿ ನಿರಾಶ್ರಿತರ ದೊಡ್ಡ ವಸತಿಗಳಿಲ್ಲ. ಹತ್ತಿರದ ಉದಾಹರಣೆಗಳಿಗೆ ಉತ್ತರ ಕನ್ನಡದ ಮುಂಡಗೋಡ, ರಾಯಚೂರಿನ ಸಿಂಧನೂರುಗಳತ್ತ ನೋಡಬೇಕು. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಚಳಿಗಾಲಕ್ಕೆ ಸ್ವೆಟರ್ ಮಾರಲು ಕೂರುವ ಟಿಬೆಟನ್ನರ ನೆಲೆಗಳಲ್ಲಿ ಮುಂಡಗೋಡವೂ ಒಂದು. ಅಲ್ಲಿನ ವಸತಿ 1966ರದು. ಟಿಬೆಟನ್ನರ ಬಳಿ ಇರುವುದು ವಿದೇಶಿಯರ ನೋಂದಣಿ ಪತ್ರ. ಆದರೂ ಉದ್ಯೋಗ ಖಾತರಿ, ಪಡಿತರ, ವಸತಿ ಯೋಜನೆಗಳನ್ನು ವಸತಿಗಳ ಟಿಬೆಟನ್ನರಿಗೆ ವಿಸ್ತರಿಸಬೇಕೆಂದು ಕೇಂದ್ರದ 2014ರ ಪುನರ್ವಸತಿ ನೀತಿ ಹೇಳಿತು. ಪ್ರಜೆಗಳಲ್ಲದವರಿಗೂ ವಾಸದ ಆಧಾರದ ಮೇಲೆ ನೆರವು ಕೊಡಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಪ್ರಜೆಗಳೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ಆನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರು ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದೆಂಬ ಷರತ್ತೂ ಸೇರಿತು. ಈ ತಾರೀಖುಗಳು ಟಿಬೆಟನ್ನರಿಗಷ್ಟೇ ಅಲ್ಲ, ಬೆಟಗೇರಿಯಲ್ಲಿ ಹುಟ್ಟಿದವರಿಗೂ ಅನ್ವಯಿಸುತ್ತವೆ. ಯಾರೂ ಕೇಳಿಲ್ಲ, ಅಷ್ಟೆ.

ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳಿದ್ದಾರೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದ ಮೇಲೆ ಅಲ್ಲಿನ ಕೆಲವರಿಗೆ ಪೌರತ್ವ ದೊರೆತಿದೆ. ಆದರೆ ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟರಾದ ಅವರ ಹೆಸರು ಕರ್ನಾಟಕದ ಪಟ್ಟಿಯಲ್ಲಿಲ್ಲ. ಪೌರತ್ವ ಸಿಕ್ಕ ಮೇಲೂ ಜಾತಿ ಪಟ್ಟಿಯ ಹಳೆಯ ಜಗಳ ಉಳಿದಿದೆ.

ಹೊರದೇಶಕ್ಕೆ ಹೋದ ಗದಗಿನವರು ಇದೇ ಪ್ರಶ್ನೆಯನ್ನು ಆಚೆಯಿಂದ ಎದುರಿಸುತ್ತಾರೆ. ಅಮೆರಿಕದಲ್ಲಿ 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಪಡೆದ ಹೆಚ್ಚಿನವರು ಸಂಯುಕ್ತ ಸರ್ಕಾರದ ಮುಖ್ಯ ನೆರವು ಯೋಜನೆಗಳಿಗೆ 5 ವರ್ಷ ಕಾಯಬೇಕು. ಮಗನ ಮನೆಗೆ ಹೋದ ತಂದೆ ತಾಯಿ ಕಾಯಿಲೆ ಬಿದ್ದರೆ ಖರ್ಚೆಲ್ಲ ಖಾಸಗಿ ವಿಮೆಯದು ಅಥವಾ ಮಗನದು. ತಿರುಗಿ ಊರಿಗೆ ಬಂದು ನೆಲೆಸುವವರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ 2019ರಿಂದ ಆಧಾರಿಗೆ 182 ದಿನ ಕಾಯಬೇಕಿಲ್ಲ. ವಿದೇಶಿ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದು ಬಂದವರು ಕಾಯಬೇಕು. ಒಸಿಐ ಕಾರ್ಡಿನವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಅನಿವಾಸಿಗಳಿಗಿಲ್ಲ. ಲಕ್ಷ್ಮೇಶ್ವರದ ಎರೆಹೊಲದ ಉತಾರದಲ್ಲಿ ಅಣ್ಣ ತಮ್ಮಂದಿರ ಹೆಸರು ಜಂಟಿಯಾಗಿದ್ದು, ತಮ್ಮ ಅಮೆರಿಕದಲ್ಲಿದ್ದರೆ, ಕಂತು ಬರುವುದು ಊರಲ್ಲಿದ್ದು ಉಳುವ ಅಣ್ಣನ ಖಾತೆಗೆ ಮಾತ್ರ.